ಪ್ರೊಸೆಸರ್, ರ‍್ಯಾಮ್ ಬದಲಾಯಿಸಿದ್ಮೇಲೆ ಪಿಸಿ ಕ್ರ್ಯಾಶ್ ಆಗ್ತಿದೆ, ಬಯಾಸ್ ಅಪ್‌ಡೇಟ್ ಮಾಡ್ಬೇಕಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಂದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ, ಮದುವೆ ಆಲ್ಬಂ, ವಿಡಿಯೋ ಎಡಿಟಿಂಗ್ ಎಲ್ಲಾ ಒಂದೇ ಪಿಸಿಲಿ ಮಾಡ್ತೀನಿ. ಬಿ450 ಮದರ್‌ಬೋರ್ಡು, ರೈಜನ್ 5 2600 ಇತ್ತು. ಹೋದ ತಿಂಗಳು ಅದನ್ನ ತೆಗ್ಸಿ ರೈಜನ್ 5 5600 ಹಾಕಿಸ್ದೆ, ಮೊದ್ಲಿದ್ದ 8+8 ಜಿಬಿ ರ‍್ಯಾಮ್ ಜೊತೆಗೆ ಬೇರೆ ಕಂಪನಿದು ಇನ್ನೊಂದು 8+8 ಸೇರಿಸ್ದೆ. ಆವತ್ತಿಂದ ಎಕ್ಸ್‌ಪೋರ್ಟ್ ಮಾಡೋವಾಗ ನೀಲಿ ಸ್ಕ್ರೀನ್ ಬರತ್ತೆ, ಕೆಲವು ಸಲ ಸುಮ್ನೆ ಇದ್ದಾಗ್ಲೇ ರೀಸ್ಟಾರ್ಟ್ ಆಗತ್ತೆ. ಬಯಾಸ್ ಡೇಟ್ 2021 ಅಂತ ತೋರಿಸ್ತಿದೆ. ಅಂಗಡಿಯವ್ರು ಬಯಾಸ್ ಅಪ್‌ಡೇಟ್ ಮಾಡಿ ಅಂತಾರೆ, ಫ್ರೆಂಡು ಮುಟ್ಲೇಬೇಡ ಬೋರ್ಡ್ ಹೋಗತ್ತೆ ಅಂತಾನೆ. ಏನ್ ಮಾಡ್ಲಿ?

ಉತ್ತರ: ಅಪ್‌ಡೇಟ್ ಮಾಡ್ಬೇಕು, ಆದ್ರೆ ಇವತ್ತೇ ಬೇಡ, ಪಿಸಿ ಈಗಿರೋ ಸ್ಥಿತಿಲಿ ಅಂತೂ ಬೇಡ್ವೇ ಬೇಡ.

ಮಾಡ್ಬೇಕು ಅಂತ ಯಾಕ್ ಹೇಳ್ತಿದೀನಿ ಅಂದ್ರೆ, ರೈಜನ್ 5 5600 ಮಾರ್ಕೆಟ್‌ಗೆ ಬಂದಿದ್ದು ಏಪ್ರಿಲ್ 2022ರಲ್ಲಿ, ನಿಮ್ಮ ಬಯಾಸ್ (ಪಿಸಿ ಆನ್ ಆದ ತಕ್ಷಣ ಮೊದ್ಲು ಓಡೋ, ಬೋರ್ಡಿನ ಚಿಪ್ಪಲ್ಲಿರೋ ಸಾಫ್ಟ್‌ವೇರ್) 2021ರದ್ದು, ಅಂದ್ರೆ ಆ ಬಯಾಸ್ ಬರೆದಾಗ ಈ ಪ್ರೊಸೆಸರೇ ಹೊರಗೆ ಬಂದಿರ್ಲಿಲ್ಲ. ಅದೇ ಜಾತಿಯ 5600ಎಕ್ಸ್ 2020ರ ನವೆಂಬರ್‌ನಲ್ಲೇ ಬಂದಿದ್ರಿಂದ ಪಿಸಿ ಆನ್ ಆಗಿ ವಿಂಡೋಸ್‌ವರೆಗೂ ಹೋಗ್ತಿರ್ಬಹುದು, ಆದ್ರೆ ಆನ್ ಆಗೋದೇ ಬೇರೆ, ಸರಿಯಾಗಿ ಸಪೋರ್ಟ್ ಇರೋದೇ ಬೇರೆ. ನಿಮ್ಮ ಬೋರ್ಡ್ ಕಂಪನಿಯ ಸೈಟಲ್ಲಿ ಸಿಪಿಯು ಸಪೋರ್ಟ್ ಲಿಸ್ಟ್ ಅಂತ ಒಂದಿರತ್ತೆ, ಅದ್ರಲ್ಲಿ 5600 ಮುಂದೆ ಯಾವ ಬಯಾಸ್ ವರ್ಷನ್ ಬರೆದಿದೆ ನೋಡಿ. ನಿಮ್ದು ಅದಕ್ಕಿಂತ ಹಳೇದಾಗಿದ್ರೆ ಅಪ್‌ಡೇಟ್ ಮಾಡ್ಲೇಬೇಕು, ಅದ್ರಲ್ಲಿ ಯೋಚ್ನೆ ಮಾಡೋದು ಏನೂ ಇಲ್ಲ.

ಆದ್ರೆ ನನಗೆ ಜಾಸ್ತಿ ಅನುಮಾನ ಇರೋದು ನಿಮ್ಮ ರ‍್ಯಾಮ್ ಮೇಲೆ. ಎರಡು ಬೇರೆ ಬೇರೆ ಕಂಪನಿ ಸೆಟ್, ನಾಲ್ಕೂ ಸ್ಲಾಟ್ ಭರ್ತಿ, ಅದ್ರ ಮೇಲೆ ಎಕ್ಸ್ಎಂಪಿ (ರ‍್ಯಾಮನ್ನ ಜಾಸ್ತಿ ಸ್ಪೀಡಲ್ಲಿ ಓಡಿಸೋ ಬಯಾಸ್ ಸೆಟ್ಟಿಂಗು) ಆನ್ ಇದೆ ಅನ್ಸತ್ತೆ. ರ‍್ಯಾಮ್ ಪ್ಯಾಕೆಟ್ ಮೇಲೆ 3200 ಅಂತ ಬರೆದಿದ್ರೆ ಅದು ಸಾಮಾನ್ಯವಾಗಿ ಎಕ್ಸ್ಎಂಪಿ ಆನ್ ಮಾಡಿದಾಗ ಬರೋ ಸ್ಪೀಡು, ಅದು ಆಫ್ ಇದ್ರೆ 2133, 2400 ಅಥವಾ 2666ಕ್ಕೆ ಇಳಿಯತ್ತೆ. ರೈಜನ್ ಮಾಡೋ ಎಎಂಡಿಯವ್ರು 5600ಗೆ 3200 ಅಂತ ಹೇಳಿರೋದು ಎರಡು ಸ್ಟಿಕ್ ಇದ್ದಾಗ, ನಾಲ್ಕು ಹಾಕಿದ್ರೆ ಅವ್ರೇ ಕೊಟ್ಟಿರೋ ಲಿಮಿಟ್ ಕಮ್ಮಿ ಆಗತ್ತೆ.

ಈಗ ಮುಖ್ಯವಾದ ಮಾತು. ಬಯಾಸ್ ಅಪ್‌ಡೇಟ್ ಮಾಡಿದಾಗ ಸಾಮಾನ್ಯವಾಗಿ ಒಳಗಿನ ಸೆಟ್ಟಿಂಗ್ ಎಲ್ಲಾ ಡೀಫಾಲ್ಟ್‌ಗೆ ಹೋಗತ್ತೆ, ಎಕ್ಸ್ಎಂಪಿನೂ ಆಫ್ ಆಗತ್ತೆ. ಕ್ರ್ಯಾಶ್ ನಿಲ್ಲತ್ತೆ, ನಾವು ಬಯಾಸ್ ಅಪ್‌ಡೇಟಿಂದ ಸರಿ ಹೋಯ್ತು ಅನ್ಕೋತೀವಿ, ಆಮೇಲೆ ಯಾವಾಗ್ಲೋ ಸ್ಪೀಡ್ ಬೇಕು ಅಂತ ಎಕ್ಸ್ಎಂಪಿ ಆನ್ ಮಾಡಿದ್ರೆ ಮತ್ತೆ ಅದೇ ಕಥೆ. ಹಾಗಾಗಿ ಅಪ್‌ಡೇಟ್‌ಗೆ ಮುಂಚೆನೇ ಬಯಾಸ್‌ಗೆ ಹೋಗಿ ಎಕ್ಸ್ಎಂಪಿ ಆಫ್ ಮಾಡಿ ಎರಡು ದಿನ ಮಾಮೂಲಿ ಕೆಲಸ ಮಾಡ್ನೋಡಿ. ನಿಂತ್ರೆ ಕಾರಣ ಬಹುತೇಕ ರ‍್ಯಾಮ್ ಸ್ಪೀಡು. ನಿಲ್ಲದಿದ್ರೆ ಹೊಸ ಸ್ಟಿಕ್ ಎರಡನ್ನೂ ತೆಗೆದು ಹಳೇದ್ರಲ್ಲಿ ಓಡ್ಸಿ, ಆಮೇಲೆ ಹಳೇದು ತೆಗೆದು ಹೊಸದ್ರಲ್ಲಿ. ರಾತ್ರಿ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷೆ ಮಾಡೋ ಸಾಫ್ಟ್‌ವೇರ್) ಪೆನ್‌ಡ್ರೈವಿಂದ ಬೂಟ್ ಮಾಡಿ ಬಿಡಿ, ಬೆಳಿಗ್ಗೆ ಒಂದೇ ಒಂದು ಎರರ್ ಇದ್ರೂ ಆ ಸೆಟ್ಟಿಂಗಲ್ಲಿ ಆ ರ‍್ಯಾಮ್ ನಂಬೋ ಹಾಗಿಲ್ಲ. ಹಳೇ 2600 ಇನ್ನೂ ಮಾರಿಲ್ಲ ಅಂದ್ರೆ ಇಟ್ಕೊಳ್ಳಿ, ಪ್ರೊಸೆಸರ್ರೂ ರ‍್ಯಾಮೂ ಒಟ್ಟಿಗೆ ಬದಲಾಗಿರೋದ್ರಿಂದ ತಪ್ಪು ಯಾರದ್ದು ಅಂತ ಹಿಡಿಯೋಕೆ ಅದು ಬೇಕಾಗತ್ತೆ.

ವಿಂಡೋಸಲ್ಲಿ ಎರರ್‌ಗಳ ದಾಖಲೆ ತೋರ್ಸೋ ಈವೆಂಟ್ ವ್ಯೂವರ್‌ನೂ ಒಮ್ಮೆ ನೋಡಿ. ಕರ್ನಲ್-ಪವರ್ 41 ಅಂತ ಇದ್ರೆ ಅದಕ್ಕೆ ತಲೆ ಕೆಡಿಸ್ಕೋಬೇಡಿ, ಪಿಸಿ ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅಂತ ಹೇಳತ್ತೆ ಅಷ್ಟೇ, ಕಾರಣ ಹೇಳಲ್ಲ. ಡಬ್ಲ್ಯೂಎಚ್ಇಎ-ಲಾಗರ್ 18 ಅಂತ ಇದ್ರೆ ಅದು ಹಾರ್ಡ್‌ವೇರ್ ಎರರ್, ಎಕ್ಸ್ಎಂಪಿ ಆಫ್ ಇದ್ದು ಎರಡೇ ಸ್ಟಿಕ್ ಇದ್ದಾಗ್ಲೂ ಅದು ಬರ್ತಿದ್ರೆ ಆಗ ಬಯಾಸ್ ಮೇಲೆ, ಪ್ರೊಸೆಸರ್ ಮೇಲೆ ಅನುಮಾನ ಪಡಿ.

ನಿಮ್ಮ ಫ್ರೆಂಡ್ ಹೆದರೋದ್ರಲ್ಲಿ ಅರ್ಥ ಇದೆ, ಆದ್ರೆ ಮುಟ್ಲೇಬೇಡ ಅನ್ನೋದು ಈಗಿನ ಕಾಲಕ್ಕೆ ಸರಿ ಹೋಗಲ್ಲ. ಇಂಟೆಲ್ 13 ಮತ್ತು 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜಿಂದ ಹಾಳಾಗ್ತಿದ್ವಲ್ಲ, ಅದನ್ನ ತಡೆಯೋ ಮೈಕ್ರೋಕೋಡ್ (ಪ್ರೊಸೆಸರ್ ಒಳಗೆ ಓಡೋ ಸಣ್ಣ ಕೋಡು) 2024ರಲ್ಲಿ ಬಂದಿದ್ದು ಬಯಾಸ್ ಅಪ್‌ಡೇಟ್ ಮೂಲಕನೇ, ಮಾಡದೇ ಕೂತವ್ರಿಗೆ ನಷ್ಟ. ಆದ್ರೆ ಆಗ್ಲೇ ಹಾಳಾಗಿದ್ದ ಪ್ರೊಸೆಸರನ್ನ ಆ ಅಪ್‌ಡೇಟೂ ಸರಿ ಮಾಡ್ಲಿಲ್ಲ, ಅದನ್ನೂ ನೆನಪಿಟ್ಕೊಳ್ಳಿ.

ಇನ್ನು ಅಪ್‌ಡೇಟ್ ಮಾಡೋ ದಿನ. ಎಕ್ಸ್ಎಂಪಿ ಆಫ್ ಇರ್ಲಿ, ಯಾವ ರ‍್ಯಾಮ್ ಸರಿ ಇದೆ ಅಂತ ಗೊತ್ತಾಗಿದ್ಯೋ ಅದು ಮಾತ್ರ ಇರ್ಲಿ, ಯಾಕಂದ್ರೆ ಬಯಾಸ್ ಫೈಲ್ ಮೊದ್ಲು ರ‍್ಯಾಮ್‌ಗೆ ಬಂದು ಆಮೇಲೆ ಚಿಪ್‌ಗೆ ಹೋಗತ್ತೆ, ಮಧ್ಯದಲ್ಲಿ ಕ್ರ್ಯಾಶ್ ಆದ್ರೆ ನಿಮ್ಮ ಫ್ರೆಂಡ್ ಹೇಳಿದ್ದೇ ನಿಜ ಆಗತ್ತೆ. ಅದಕ್ಕೇ ವಿಂಡೋಸ್ ಒಳಗಿಂದ ಮಾಡೋ ಸಾಫ್ಟ್‌ವೇರ್ ಬೇಡ, ಎಫ್ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಫೈಲ್ ಹಾಕ್ಕೊಂಡು ಬಯಾಸ್ ಒಳಗಿರೋ ಟೂಲಿಂದನೇ ಮಾಡಿ. ಬೋರ್ಡ್ ಮಾಡೆಲ್ ಜೊತೆಗೆ ರಿವಿಜನ್ ನಂಬರ್ ಬೋರ್ಡ್ ಮೇಲೇ ಪ್ರಿಂಟ್ ಆಗಿದ್ರೆ ಅದೂ ಮ್ಯಾಚ್ ಆಗ್ಬೇಕು. ಮೊದ್ಲು ಇಂಥ ವರ್ಷನ್ ಹಾಕಿ ಆಮೇಲೆ ಇದನ್ನ ಹಾಕಿ ಅಂತ ಸೈಟಲ್ಲಿ ಬರೆದಿದ್ರೆ ಆ ಕ್ರಮ ಬಿಡ್ಬೇಡಿ. ಯುಪಿಎಸ್ ಇಲ್ದೆ ಮಾಡ್ಬೇಡಿ, ಕರೆಂಟ್ ಯಾವಾಗ ಹೋಗತ್ತೆ ಅಂತ ನಿಮಗೇ ಗೊತ್ತು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಂಡು ಸಸ್ಪೆಂಡ್ ಮಾಡಿ, ಇಲ್ಲಾಂದ್ರೆ ಅಪ್‌ಡೇಟ್ ಆದ್ಮೇಲೆ ಕೀ ಕೇಳತ್ತೆ, ಗಿರಾಕಿಗಳ ಫೋಟೋ ಎಲ್ಲಾ ಒಳಗೇ ಸಿಕ್ಕಾಕ್ಕೊಳತ್ತೆ. ಬೇರೆ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಹೇಗಿದ್ರೂ ತಗೊಳ್ಳಿ. ಈಗಿರೋ ಬಯಾಸ್ ಸೆಟ್ಟಿಂಗನ್ನೆಲ್ಲಾ ಫೋನಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಮುಗಿದ್ಮೇಲೆ ಮೊದಲನೇ ಸಲ ಆನ್ ಆಗೋವಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಗೇ ಇರ್ಬಹುದು, ಗಾಬರಿಯಾಗಿ ಪವರ್ ಬಟನ್ ಒತ್ಬೇಡಿ.

ಆಮೇಲೆ ಡೀಫಾಲ್ಟಲ್ಲೇ ಒಂದೆರಡು ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಮಾಡಿ, ಸರಿ ಇದ್ರೆ ಎಕ್ಸ್ಎಂಪಿ ಆನ್ ಮಾಡಿ ನೋಡಿ, ನಾಲ್ಕು ಸ್ಟಿಕ್ಕಲ್ಲಿ ಮತ್ತೆ ಕ್ರ್ಯಾಶ್ ಆದ್ರೆ ಸ್ಪೀಡ್ 2666ಕ್ಕೆ ಇಳಿಸಿ ಓಡ್ಸಿ, ಇಲ್ಲಾ ಎರಡೂ ಸೆಟ್ ಕೊಟ್ಟು 16+16ರ ಒಂದೇ ಕಿಟ್ ತಗೊಳ್ಳಿ, ಎಡಿಟಿಂಗ್ ಕೆಲಸಕ್ಕೆ ನಾನಾಗಿದ್ರೆ ಎರಡನೇದನ್ನೇ ಮಾಡ್ತಿದ್ದೆ. ಹೊಸ ಬಯಾಸು, ಸರಿ ಇರೋ ರ‍್ಯಾಮು, ಡೀಫಾಲ್ಟ್ ಸೆಟ್ಟಿಂಗು ಎಲ್ಲಾ ಇದ್ದೂ 5600ರಲ್ಲಿ ಕ್ರ್ಯಾಶ್ ಆಗ್ತಾ, ಹಳೇ 2600 ಹಾಕಿದ್ರೆ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಬಿಲ್ ತಗೊಂಡು ಹೋಗಿ, ಎಎಂಡಿಯ ಬಾಕ್ಸ್ ಪ್ರೊಸೆಸರ್‌ಗೆ 3 ವರ್ಷ ವಾರಂಟಿ ಇರತ್ತೆ.