ಲೀಗ್‌ನಲ್ಲಿ ಮೆರೆದ ಹಾಕಿ ತಂಡ ಪ್ಲೇಆಫ್‌ನಲ್ಲಿ ಸೋಲುವುದು ನಿರೀಕ್ಷೆಯ ಭಾರದಿಂದಲಾ?

ಭಾರ ಇದ್ದೇ ಇರುತ್ತದೆ, ಆದರೆ ಅದೊಂದೇ ಕಾರಣ ಅಲ್ಲ. ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡಿ. 2018-19ರಲ್ಲಿ ಟ್ಯಾಂಪಾ ಬೇ ತಂಡ 82 ಪಂದ್ಯಗಳಲ್ಲಿ 62 ಗೆದ್ದಿತು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೂ ಕೊಲಂಬಸ್ ಎದುರು 3-0 ಮುಂದಿತ್ತು. ಕೊನೆಗೆ 4-3ರಿಂದ ಸೋತಿತು. ಮೊದಲು ನಾಲ್ಕು ಪಂದ್ಯ ಗೆದ್ದವರಿಗೇ ಸರಣಿ; ಟ್ಯಾಂಪಾ ಮುಂದಿನ ಮೂರೂ ಪಂದ್ಯ ಕೈಬಿಟ್ಟು ಹೊರಬಿತ್ತು.

ನಮ್ಮ ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಫೈನಲ್ ನೋಡಿದವರಿಗೆ ಇದು ಗೊತ್ತು. ಲೀಗ್‌ನಲ್ಲಿ ಸಲೀಸಾಗಿ ಹೊಡೆದ ಹುಡುಗ ಅವತ್ತು ಬ್ಯಾಟನ್ನು ಜಾಸ್ತಿ ಬಿಗಿ ಹಿಡಿಯುತ್ತಾನೆ. ತಾನಾಗೇ ಆಗುತ್ತಿದ್ದ ಕೆಲಸವನ್ನು ಯೋಚಿಸಿ ಮಾಡಲು ಹೊರಟರೆ ಕೈ ತಡವರಿಸುತ್ತದೆ. ಹಾಕಿ ಸ್ಟಿಕ್‌ಗೂ ಅದೇ ಕಥೆ. ಎದುರಿನ ಸಣ್ಣ ತಂಡದ ಮೇಲೆ ಯಾರೂ ಆಸೆ ಇಟ್ಟಿರುವುದಿಲ್ಲ, ಅದು ಹಗುರಾಗಿ ಆಡುತ್ತದೆ.

ಆದರೆ ಹಾಕಿಯಲ್ಲಿ ಗೋಲು ಕಡಿಮೆ. ಒಬ್ಬ ಗೋಲ್‌ಕೀಪರ್ ಮಿಂಚಿದರೆ, ಅಥವಾ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಯಾರದ್ದೋ ಕಾಲಿಗೆ ತಾಗಿ ಒಳಗೆ ಹೋದರೆ ಸರಣಿಯೇ ತಿರುಗಬಹುದು. ಅದಕ್ಕೂ ಸುಮ್ನೆ 'ಒತ್ತಡಕ್ಕೆ ಹೆದರಿದರು' ಅನ್ನುವುದು ಅನ್ಯಾಯ, ಅಲ್ವಾ?

ಅದೇ ಟ್ಯಾಂಪಾ, ಅದೇ ಕೋಚ್ ಮತ್ತು ಮುಖ್ಯ ಆಟಗಾರರನ್ನು ಉಳಿಸಿಕೊಂಡು, 2020 ಮತ್ತು 2021ರಲ್ಲಿ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರ ಟ್ರೋಫಿ) ಗೆದ್ದಿತು.