"ಮೊನ್ನೆ ಬಂದವರು" ಎಂಬ ಮಾತು

ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಟೀಚರ್ ಅವರು. ಹೆಸರು, ಗುರುತು ಎಲ್ಲ ಬದಲಿಸಿದ್ದೇನೆ. ಸುಮತಿ ಅಂತಿರಲಿ. ವಯಸ್ಸು 46. ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದು ಕುಳಿತವರೇ ಹೇಳಿದರು, "ನಿದ್ದೆ ಬರುವುದಿಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಸಂಬಳ ಲೆಕ್ಕ ಹಾಕ್ತೇನೆ."

"ನಿಮ್ಮ ಸಂಬಳವಾ?" ಅಂದೆ.

ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತಾ ಇದ್ದರು. "ಅಲ್ಲ. ಲಲಿತಾ ಟೀಚರದ್ದು."

ಇಬ್ಬರೂ ಒಂದೇ ಪ್ರಾಯದವರು. ಲಲಿತಾ 2005ರಲ್ಲೇ ಪಿ.ಎಸ್.ಸಿ. (ಲೋಕಸೇವಾ ಆಯೋಗ) ಮೂಲಕ ಕಾಯಂ ಕೆಲಸಕ್ಕೆ ಸೇರಿದರು. ಸುಮತಿಗೆ ಕಾಯಂ ಕೆಲಸ ಸಿಕ್ಕಿದ್ದು 2014ರಲ್ಲಿ. ನಡುವಿನ ಒಂಬತ್ತು ವರ್ಷ ಅವರು ಸುಮ್ನೆ ಕೂತಿರಲಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಅಂತ ಎಲ್ಲಿ ಖಾಲಿ ಇದೆಯೋ ಅಲ್ಲಿ ದಿನಗೂಲಿ ಟೀಚರ್ ಆಗಿ ಪಾಠ ಮಾಡಿದರು. ಮಾರ್ಚ್ ಮುಗಿದರೆ ಕೆಲಸವೂ ಮುಗಿಯಿತು. ಜೂನ್‌ನಲ್ಲಿ ಮತ್ತೆ ಸರ್ಟಿಫಿಕೇಟಿನ ಫೈಲು ಹಿಡಿದು ಇಂಟರ್‌ವ್ಯೂ.

ಈಗಿನ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಧ್ಯಾಹ್ನ ಉಣ್ಣುತ್ತಿದ್ದರು. ಲಲಿತಾ ಬುತ್ತಿಯ ಮುಚ್ಚಳದಲ್ಲಿ ಪಲ್ಯ ಹಾಕಿ ಈಚೆ ತಳ್ಳುವುದು, ಸುಮತಿ ಅದೇ ಮುಚ್ಚಳದಲ್ಲಿ ಮಾವಿನ ಮಿಡಿ ಇಟ್ಟು ಆಚೆ ತಳ್ಳುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಜಗಳ ಎದ್ದದ್ದು ವೇತನ ಪರಿಷ್ಕರಣೆಯ ಮಾತಿನಲ್ಲಿ. ಕೇರಳದಲ್ಲಿ ಹಿಂದಿನ ಪರಿಷ್ಕರಣೆ 2019ರ ಜುಲೈ 1ರಿಂದ ಲೆಕ್ಕ. ಐದು ವರ್ಷಕ್ಕೊಮ್ಮೆ ಅಂತ ನೋಡಿದರೆ ಮುಂದಿನದ್ದು 2024ರ ಜುಲೈಗೆ ಆಗಬೇಕಿತ್ತು. ಆ ಹೊತ್ತಿಗೆ ಗಡಿಯಾಚೆ ಕರ್ನಾಟಕದಲ್ಲಿ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟ್‌ನಿಂದ ಕೈಗೆ ಬಂತು. ಮಂಗಳೂರಿನಲ್ಲಿ ಕೆಲಸ ಮಾಡುವ ತಮ್ಮನೋ ಭಾವನೋ ಪ್ರತಿ ಮನೆಯಲ್ಲೂ ಒಬ್ಬ ಇರುತ್ತಾನಲ್ವಾ? ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ.

ಸುಮತಿ ಅಂದರು, "ಶೇಕಡಾ ಲೆಕ್ಕದಲ್ಲಿ ಕೊಟ್ಟರೆ ಜಾಸ್ತಿ ಇದ್ದವರಿಗೇ ಜಾಸ್ತಿ. ಹತ್ತು ಶೇಕಡಾ ಅಂದರೆ 40,000ಕ್ಕೆ 4,000, 60,000ಕ್ಕೆ 6,000. ಅಕ್ಕಿಗೆ ಎಲ್ಲರೂ ಕೊಡುವ ಬೆಲೆ ಒಂದೇ. ಎಲ್ಲರಿಗೂ ಒಂದೇ ಮೊತ್ತ ಕೊಡಲಿ."

ಲಲಿತಾ ಒಪ್ಪಲಿಲ್ಲ. ಇಷ್ಟು ವರ್ಷದ ಸರ್ವಿಸಿಗೆ ಬೆಲೆ ಬೇಡವಾ ಅಂದರು. ಮಾತು ಬೆಳೆಯಿತು. ಕೊನೆಗೆ, "ನೀವೆಲ್ಲ ಮೊನ್ನೆ ಬಂದವರು ಟೀಚರೇ, ನಿಮಗೆ ಎಂತ ಗೊತ್ತು?" ಅಂದುಬಿಟ್ಟರು.

ಅಂದಿನಿಂದ ಸುಮತಿ ಬೇರೆ ಬೆಂಚಿನಲ್ಲಿ ಉಣ್ಣುತ್ತಾರೆ. ಐದು ತಿಂಗಳಾಯಿತು.

ಗಂಡ, ಅಕ್ಕ, ಹೆಡ್‌ಮಾಸ್ಟ್ರು ಎಲ್ಲರೂ "ಹೊಟ್ಟೆಕಿಚ್ಚು ಯಾಕೆ, ಬಿಡಿ" ಅಂದರಂತೆ. ಆ ಪದ ನನಗೆ ಸರಿಬರಲಿಲ್ಲ. ಏನು ಉರಿಯುತ್ತಿದೆ ಅಂತ ಕೇಳದೆ ನೀರು ಸುರಿದ ಹಾಗೆ. ಎರಡನೇ ಭೇಟಿಯಲ್ಲಿ ಒಂದು ಹಾಳೆ ತೆಗೆದು, ಅವರು ರಾತ್ರಿ ಹಾಕುತ್ತಿದ್ದ ಲೆಕ್ಕವನ್ನು ಹಗಲಿನಲ್ಲಿ ಒಟ್ಟಿಗೆ ಹಾಕಿದೆವು.

ಇಬ್ಬರದ್ದೂ ಯು.ಪಿ. (ಹಿರಿಯ ಪ್ರಾಥಮಿಕ) ಟೀಚರ್ ಹುದ್ದೆ. 2019ರ ಸ್ಕೇಲು 35,600ದಿಂದ ಶುರು, ಇಬ್ಬರಿಗೂ ಅದೇ. ಆದರೆ ವರ್ಷಕ್ಕೊಂದರಂತೆ ಸಿಗುವ ಇಂಕ್ರಿಮೆಂಟ್ ಲಲಿತಾಗೆ ಒಂಬತ್ತು ಜಾಸ್ತಿ. ಬಡ್ತಿ ಇಲ್ಲದಿದ್ದರೂ 8, 15, 22 ವರ್ಷದ ಸರ್ವಿಸಿಗೆ ಸಿಗುವ ಮೇಲಿನ ಸ್ಕೇಲು, ಅಂದರೆ ಹೈಯರ್ ಗ್ರೇಡಿನಲ್ಲಿ ಅವರಿಗೆ ಎರಡು ಆಗಿದೆ, ಸುಮತಿಗೆ 2022ರಲ್ಲಿ ಒಂದು. ಇನ್ನು ಪೆನ್ಶನ್. 2013ರ ಏಪ್ರಿಲ್ 1ರಿಂದ ಈಚೆ ಸೇರಿದವರಿಗೆ ಪಾಲುದಾರಿಕೆ ಪೆನ್ಶನ್. ಮೂಲವೇತನ ಮತ್ತು ಡಿ.ಎ.ಯ (ತುಟ್ಟಿಭತ್ಯೆ) 10 ಶೇಕಡಾ ತಿಂಗಳು ತಿಂಗಳು ಕಡಿತ. ಮೊದಲು ಸೇರಿದವರಿಗೆ ಆ ಕಡಿತ ಇಲ್ಲ, 30 ವರ್ಷ ದುಡಿದರೆ ಮೂಲವೇತನದ ಅರ್ಧ ಪೆನ್ಶನ್ ಇದೆ. ಲಲಿತಾ 56ಕ್ಕೆ ನಿವೃತ್ತಿ, ಸುಮತಿ 60ಕ್ಕೆ.

ಬರೆದು ಮುಗಿಸಿ ಪೆನ್ನು ಅವರ ಕೈಗೇ ಕೊಟ್ಟೆ. "ಇದರಲ್ಲಿ ಲಲಿತಾ ಟೀಚರ್ ಮಾಡಿದ್ದು ಯಾವುದು, ಗುರುತು ಹಾಕಿ" ಅಂದೆ.

ತುಂಬಾ ಹೊತ್ತು ನೋಡಿದರು. ಒಂದಕ್ಕೂ ಗುರುತು ಬೀಳಲಿಲ್ಲ. ಆಮೇಲೆ ಕೆಳಗೆ ತಾವೇ ಬರೆದರು: "ಮೊನ್ನೆ ಬಂದವರು." ಅದಕ್ಕೆ ಗುರುತು ಹಾಕಿದರು. ಹಾಕಿ ಅತ್ತರು. ದಿನಗೂಲಿಯ ಒಂಬತ್ತು ವರ್ಷವನ್ನು ಸರ್ಕಾರದ ಲೆಕ್ಕ ಸೊನ್ನೆ ಅಂತ ಮೊದಲೇ ಬರೆದಿತ್ತು. ಗೆಳತಿಯೂ ಅದನ್ನೇ ಹೇಳಿದ ಹಾಗಾಯಿತು. ಸಂಬಳದ ವ್ಯತ್ಯಾಸಕ್ಕಿಂತ ಜಾಸ್ತಿ ಸುಟ್ಟದ್ದು ಇದು.

ನಾನು ಕೊಟ್ಟ ಸಲಹೆ ಹೀಗೆ. ಲಲಿತಾ ಹತ್ತಿರ ಹೋಗಿ ಆ ಒಂದು ಮಾತಿನ ಬಗ್ಗೆ ಮಾತ್ರ ಮಾತಾಡಿ. ಸಂಬಳದ ಸುದ್ದಿ ಎತ್ತಬೇಡಿ, ಎತ್ತಿದರೆ ಮತ್ತೆ ಅಲ್ಲಿಗೇ ಹೋಗುತ್ತದೆ. ದಿನಗೂಲಿ ವರ್ಷಗಳದ್ದು, ಪೆನ್ಶನ್ನಿನದ್ದು ನಿಜವಾದ ದೂರು. ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಸಂಘದಲ್ಲಿ ಬರೆದು ಕೊಡಿ, ನಿಮ್ಮ ಹಾಗೆ ತಡವಾಗಿ ಕಾಯಂ ಆದವರನ್ನು ಸೇರಿಸಿಕೊಳ್ಳಿ. ಮಲಗುವ ಕೋಣೆಗೆ ಮೊಬೈಲು ಒಯ್ಯಬೇಡಿ. ಮೂರು ವಾರದಲ್ಲೂ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ಕಾಣೋಣ.

ಇನ್ನೊಂದು ಮಾತು ಅವರ ಬಾಯಲ್ಲಿ ಆಗಾಗ ಬರುತ್ತಿತ್ತು. ತನ್ನ ಇಂಕ್ರಿಮೆಂಟ್ ತಾರೀಕನ್ನು ಯಾರೋ ಬೇಕಂತಲೇ ಎರಡು ತಿಂಗಳು ಮುಂದೂಡಿದ್ದಾರೆ ಅಂತ. ಸರ್ವಿಸ್ ಬುಕ್ ತೆಗೆಸಿ ನೋಡಿ ಅಂದೆ. ನೋಡಿದರು. ಅಮ್ಮನ ಆರೈಕೆಗೆ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದರು. ಸ್ವಂತ ಕಾಯಿಲೆಯ ವೈದ್ಯಕೀಯ ಸರ್ಟಿಫಿಕೇಟ್ ಇಲ್ಲದ ಅಂಥ ರಜೆಗೆ ಇಂಕ್ರಿಮೆಂಟ್ ಅಷ್ಟೇ ದಿನ ಮುಂದೆ ಹೋಗುತ್ತದೆ. ಯಾರ ಕೈವಾಡವೂ ಇರಲಿಲ್ಲ. "ಅಮ್ಮನಿಗೆ ಕೊಟ್ಟ ಎರಡು ತಿಂಗಳು, ಹೋಗಲಿ" ಅಂದರು. ಅವರ ಮುಖ ಸಡಿಲವಾದದ್ದನ್ನು ಅವತ್ತು ಮೊದಲ ಸಲ ನೋಡಿದೆ.

ಲಲಿತಾ ಹತ್ತಿರ ಹೋಗಲು ಅವರಿಗೆ ಹನ್ನೆರಡು ದಿನ ಬೇಕಾಯಿತು. ಹೋಗಿ, "ನಾನು 2005ರಿಂದ ಪಾಠ ಮಾಡ್ತಾ ಇದ್ದೇನೆ ಟೀಚರೇ, ಮೊನ್ನೆಯಿಂದ ಅಲ್ಲ" ಅಂದರಂತೆ. ಲಲಿತಾ ಏನೂ ಅನ್ನಲಿಲ್ಲ, ಎದ್ದು ತರಗತಿಗೆ ಹೋದರು. ಮರುದಿನ ಮಧ್ಯಾಹ್ನ ಸುಮತಿಯ ಬೆಂಚಿಗೇ ಬಂದು ಕೂತರು.

ನಿದ್ದೆ ಈಗ ಪರವಾಗಿಲ್ಲ. ಎಲ್ಲರಿಗೂ ಒಂದೇ ಮೊತ್ತ ಕೊಡಬೇಕು ಅನ್ನುವುದನ್ನು ಸುಮತಿ ಬಿಟ್ಟಿಲ್ಲ, ಶೇಕಡಾವೇ ಸರಿ ಅನ್ನುವುದನ್ನು ಲಲಿತಾ ಕೂಡ ಬಿಟ್ಟಿಲ್ಲ. ದಿನಗೂಲಿ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಅಂತ ಸುಮತಿ ಬರೆದ ಮನವಿಗೆ ಸಹಿ ಬೇಕಿತ್ತು. ಕೊನೆಯ ಭೇಟಿಗೆ ಬಂದಾಗ ಆ ಹಾಳೆ ತೋರಿಸಿದರು. ಮೂರನೇ ಸಹಿ ಲಲಿತಾ ಟೀಚರದ್ದು.