ತಾಲ್ಲೂಕು ಆಸ್ಪತ್ರೆಗೂ ಬಂದ ಹೃದಯದ ಚುಚ್ಚುಮದ್ದು

ಹೃದಯದ ಕಾಯಿಲೆಯ ಹೊಸ ಚಿಕಿತ್ಸೆಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳನ್ನು ಓದುತ್ತ ಹೋದಂತೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಂಗತಿ: ಹೊಸ ಔಷಧ ಸಿಗದೆ ತೊಂದರೆಗೆ ಸಿಕ್ಕವರಿಗಿಂತ, ಕೈಗೆ ಸಿಗುವ ಔಷಧವನ್ನು ತಡವಾಗಿ ಪಡೆದವರು ಅಥವಾ ಹೆದರಿ ಬಿಟ್ಟವರೇ ಹೆಚ್ಚು. ಆದ್ದರಿಂದ ಉತ್ತರಗಳೂ ಅತ್ತಲೇ ಹೆಚ್ಚು ವಾಲಿವೆ.

ಪ್ರಶ್ನೆ: ನನ್ನ ಅಣ್ಣನಿಗೆ 44 ವರ್ಷ. ರಾತ್ರಿ ಹನ್ನೊಂದರ ಹೊತ್ತಿಗೆ ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರಿತು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಹಾಸನಕ್ಕೆ ಕರೆದೊಯ್ದಾಗ ಹೃದಯಾಘಾತವಾಗಿದೆ ಎಂದರು. ಜೀವ ಉಳಿಯಿತು, ಆದರೆ ಹೃದಯದ ಶಕ್ತಿ ಕುಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇದಕ್ಕೆ ಇಂಜೆಕ್ಷನ್ ಕೊಡುತ್ತಾರೆ ಎಂದು ಈಗ ಕೇಳುತ್ತಿದ್ದೇವೆ. ನಿಜವೇ?
ಓದುಗರೊಬ್ಬರು, ಅರಕಲಗೂಡು ತಾಲ್ಲೂಕು

ನಿಜ. ಅದನ್ನು ವಿವರಿಸುವ ಮುನ್ನ ಒಂದು ಮಾತು. ಆ ರಾತ್ರಿ ನೀವು ಮಾಡಿದ್ದನ್ನೇ ನಮ್ಮಲ್ಲಿ ಬಹಳಷ್ಟು ಮನೆಗಳವರು ಮಾಡುತ್ತಾರೆ. ಅದನ್ನೊಂದು ಅಪರಾಧವೆಂದು ಹೊತ್ತುಕೊಂಡು ಕೊರಗಬೇಡಿ. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳುವುದುಂಟು, ತೇಗು, ವಾಕರಿಕೆ ಬರುವುದುಂಟು, ಸೋಡಾ ಕುಡಿದ ಮೇಲೆ ತುಸು ಹಗುರವೆನಿಸುವುದೂ ಉಂಟು. ಹೀಗಾಗಿ ಇದು ಹೃದಯದ್ದೋ ಹೊಟ್ಟೆಯದ್ದೋ ಎಂಬುದು ಮನೆಯಲ್ಲಿ ಕೂತು ತೀರ್ಮಾನವಾಗುವ ವಿಷಯವೇ ಅಲ್ಲ. ಇಸಿಜಿ ತೆಗೆಸಬೇಕು, ಮೊದಲ ಇಸಿಜಿ ಸರಿಯಿದ್ದು ನೋವು ಮುಂದುವರಿದರೆ ಮತ್ತೆ ತೆಗೆಸಬೇಕು.

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ವರ್ಷಗಳಿಂದ ಕೂತಿದ್ದ ಕೊಬ್ಬಿನ ದಿಬ್ಬ ಒಂದು ದಿನ ಬಿರುಕು ಬಿಡುತ್ತದೆ, ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವೇ ಮುಚ್ಚಿಹೋಗುತ್ತದೆ. ನಾಲೆಯ ತೂಬು ಮುಚ್ಚಿದರೆ ಗದ್ದೆ ಆ ಕ್ಷಣಕ್ಕೇ ಒಣಗುವುದಿಲ್ಲವಲ್ಲ, ಹಾಗೆಯೇ ಸ್ನಾಯುವೂ ಒಂದೇ ಏಟಿಗೆ ಸಾಯುವುದಿಲ್ಲ. ಗಂಟೆ ಕಳೆದಂತೆ ಒಳಪದರದಿಂದ ಹೊರಪದರದ ಕಡೆಗೆ ಸಾಯುತ್ತ ಹೋಗುತ್ತದೆ. ಸುಮಾರು ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆಯಲ್ಲಿ ನಾಳ ತೆರೆಸಲು ಸಾಧ್ಯವಿದ್ದರೆ ಅದೇ ಉತ್ತಮ. ಅಷ್ಟು ಬೇಗ ಅಲ್ಲಿ ತಲುಪಲಾಗದವರಿಗೆ ಹೆಪ್ಪು ಕರಗಿಸುವ ಔಷಧ ಇರುವುದು.

ನಾನು ವೃತ್ತಿಗೆ ಬಂದ ಹೊಸದರಲ್ಲಿ ಈ ಕೆಲಸಕ್ಕೆ ಸ್ಟ್ರೆಪ್ಟೋಕೈನೇಸ್ ಬಳಸುತ್ತಿದ್ದೆವು. ಗಂಟೆಯ ಕಾಲ ಡ್ರಿಪ್ಪಿನಲ್ಲಿ ಹನಿಹನಿಯಾಗಿ ಬಿಡಬೇಕಿತ್ತು, ನಡುವೆ ರಕ್ತದೊತ್ತಡ ಕುಸಿಯುತ್ತಿತ್ತು, ಮಂಚದ ಕಾಲ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನಾಡಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆವು. ಈಗಿನ ಟೆನೆಕ್ಟಿಪ್ಲೇಸ್ ರೋಗಿಯ ತೂಕ ನೋಡಿ ಒಂದೇ ಸಿರಿಂಜಿನಲ್ಲಿ ಐದಾರು ಸೆಕೆಂಡುಗಳಲ್ಲಿ ಕೊಟ್ಟು ಮುಗಿಸುವ ಔಷಧ. ಅದಕ್ಕೆ ದೊಡ್ಡ ಐಸಿಯು ಬೇಕಿಲ್ಲ. ಇಸಿಜಿಯನ್ನು ಸರಿಯಾಗಿ ಓದಬಲ್ಲವರು, ಎದೆಬಡಿತ ತಪ್ಪಿದರೆ ಶಾಕ್ ಕೊಡುವ ಯಂತ್ರ ಮತ್ತು ತರಬೇತಿ ಪಡೆದ ಕೈ ಇದ್ದರೆ ಸಾಕು. ಕರ್ನಾಟಕ ಸರ್ಕಾರ 2024ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದು ಇದರ ಮೇಲೆಯೇ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೆ ತೀರಿಕೊಂಡ ನಟನ ಹೆಸರನ್ನು ಇದಕ್ಕೆ ಇಟ್ಟಿರುವುದು ಜನರಿಗೆ ನೆನಪಿರಲು ಸಹಾಯವಾಗಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಅಂತರ್ಜಾಲದ ಮೂಲಕ ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರಿಗೆ ತಲುಪುತ್ತದೆ, ಅವರ ಅಭಿಪ್ರಾಯ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತದೆ, ಚುಚ್ಚುಮದ್ದನ್ನು ಉಚಿತವಾಗಿ ಕೊಡಲಾಗುತ್ತದೆ. ಹೊರಗೆ ಕೊಂಡರೆ ಅದರ ಬೆಲೆ ಹತ್ತಾರು ಸಾವಿರ ರೂಪಾಯಿ. ಮೊದಲು ಕೆಲವೇ ಆಸ್ಪತ್ರೆಗಳಲ್ಲಿದ್ದ ಈ ವ್ಯವಸ್ಥೆಯನ್ನು ಹಂತಹಂತವಾಗಿ ವಿಸ್ತರಿಸಲಾಗಿದೆ. ನಿಮ್ಮ ಆಸ್ಪತ್ರೆಯಲ್ಲಿ ಇದೆಯೇ ಎಂಬುದನ್ನು ಕಾಯಿಲೆ ಬೀಳುವ ಮುಂಚೆಯೇ ಹೋಗಿ ವಿಚಾರಿಸಿಟ್ಟುಕೊಳ್ಳಿ.

ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು. ಈ ಔಷಧ ನಾಳ ಪೂರ್ತಿ ಮುಚ್ಚಿದ ಬಗೆಯ ಆಘಾತಕ್ಕೆ ಮಾತ್ರ. ಎಲ್ಲ ಎದೆನೋವಿಗೂ ಅಲ್ಲ. ನೋವು ಶುರುವಾಗಿ 12 ಗಂಟೆಯೊಳಗೆ ಕೊಡಬೇಕು, ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟಾಗ ಸಿಗುವ ಲಾಭ ಆಮೇಲೆ ಸಿಗದು. ಮಿದುಳಿನಲ್ಲಿ ಹಿಂದೆ ರಕ್ತಸ್ರಾವವಾಗಿದ್ದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಕೊಡುವಂತಿಲ್ಲ, ಆದ್ದರಿಂದ ಅಂಥ ವಿವರಗಳನ್ನು ವೈದ್ಯರಿಂದ ಮುಚ್ಚಿಡಬಾರದು. ಚುಚ್ಚುಮದ್ದು ಕೊಟ್ಟ ಮೇಲೆ ನೋವು ಹೋಯಿತೆಂದು ಮನೆಗೆ ಹೊರಡುವವರಿದ್ದಾರೆ, ಅದು ದೊಡ್ಡ ತಪ್ಪು. ದಾರಿ ತೆರೆದಿದ್ದರೂ ಬಿರುಕು ಬಿಟ್ಟ ದಿಬ್ಬ ಅಲ್ಲೇ ಇರುತ್ತದೆ; ಸಾಮಾನ್ಯವಾಗಿ 3ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು, ಚುಚ್ಚುಮದ್ದು ಫಲ ಕೊಡದಿದ್ದರೆ ಕೂಡಲೇ ಆಗಬೇಕು. ನಿಮ್ಮ ಅಣ್ಣನ ಹೃದಯದ ಶಕ್ತಿ ಕುಂದಿರುವುದಕ್ಕೂ ಈಗ ಒಳ್ಳೆಯ ಔಷಧಗಳಿವೆ, ಶಿರಸಿಯ ಓದುಗರಿಗೆ ಕೊಟ್ಟ ಉತ್ತರವನ್ನು ದಯವಿಟ್ಟು ಓದಿ.

ಪ್ರಶ್ನೆ: 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಯುವಕರ ಸಾವಿನ ಸುದ್ದಿ ದಿನವೂ ಬರುತ್ತಿತ್ತು. ಕೋವಿಡ್ ಲಸಿಕೆಯೇ ಕಾರಣ ಎಂದು ಊರಿನಲ್ಲಿ ಎಲ್ಲರೂ ನಂಬಿದ್ದಾರೆ.
ಓದುಗರೊಬ್ಬರು, ಚನ್ನರಾಯಪಟ್ಟಣ

ಹಾಸನದ ಸಾವುಗಳನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ, ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಲಸಿಕೆಯೊಂದಿಗೆ ಅಂಥ ಸಂಬಂಧ ಕಾಣಲಿಲ್ಲ. ಅದಕ್ಕೂ ಮೊದಲು, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ ಲಸಿಕೆ ಅಪಾಯವನ್ನು ಹೆಚ್ಚಿಸಿಲ್ಲ ಎಂದು ಪ್ರಕಟಿಸಿತ್ತು. ಅಪಾಯ ಹೆಚ್ಚಿಸಿದವುಗಳಲ್ಲಿ ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆ, ಸಾವಿಗೆ ಮುಂಚಿನ ಒಂದೆರಡು ದಿನಗಳಲ್ಲಿ ಮಿತಿಮೀರಿದ ಕುಡಿತ ಮತ್ತು ತೀವ್ರ ಶ್ರಮ ಇದ್ದವು. ನಮ್ಮ ಜನರಿಗೆ ಹೃದಯಾಘಾತ ಬೇಗ ಬರುವುದು ಕೋವಿಡ್ಡಿಗಿಂತ ಬಹಳ ಹಳೆಯ ಸಂಗತಿ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಆಘಾತದ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53 ಇದ್ದರೆ ಉಳಿದವರಲ್ಲಿ ಸುಮಾರು 59 ಇತ್ತು. ಆ ವರದಿ ಬಂದದ್ದು 2007ರಲ್ಲಿ, ಆ ಅಂತರಕ್ಕೆ ಅದು ಹೆಚ್ಚಾಗಿ ಕಾರಣ ಹೇಳಿದ್ದು ತಂಬಾಕು, ಸಕ್ಕರೆ ಕಾಯಿಲೆ, ಕೊಬ್ಬಿನ ಏರುಪೇರಿನಂಥ ಪರಿಚಿತ ಸಂಗತಿಗಳನ್ನೇ.

ಊರಿನವರಿಗೆ ಹೇಳಲು ಉಪಯುಕ್ತವಾದ ಹೊಸ ವಿಷಯವೊಂದಿದೆ. ಲೈಪೋಪ್ರೋಟೀನ್-ಎ ಎಂಬ ಕೊಬ್ಬಿನ ಕಣ ಹುಟ್ಟಿನಿಂದಲೇ ಕೆಲವರಲ್ಲಿ ಹೆಚ್ಚಿರುತ್ತದೆ, ಪಥ್ಯದಿಂದ ಇಳಿಯುವುದಿಲ್ಲ, ಮಾಮೂಲು ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಸಬೇಕೆಂದು ಹೇಳುತ್ತದೆ. ನಮ್ಮಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇದು ಡೆಸಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂಗಿಂತ ಹೆಚ್ಚಿದೆ ಎಂದೂ ಗುರುತಿಸಿದೆ. ತಂದೆಗೋ ಅಣ್ಣನಿಗೋ 50ರೊಳಗೆ ಹೃದಯಾಘಾತವಾಗಿದ್ದರೆ ಮನೆಯ ಉಳಿದವರು ಇದನ್ನು ತಪ್ಪದೆ ಮಾಡಿಸಿ. ಹೆಚ್ಚಿದ್ದರೆ ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಮತ್ತು ಬೀಡಿ-ಸಿಗರೇಟಿನ ವಿಷಯದಲ್ಲಿ ಉಳಿದವರಿಗಿಂತ ಬಿಗಿಯಾಗಿರಬೇಕು.

ಪ್ರಶ್ನೆ: ತಂದೆಯವರಿಗೆ ಸ್ಟೆಂಟ್ ಹಾಕಿ ಎರಡು ವರ್ಷವಾಯಿತು. ಕೊಲೆಸ್ಟ್ರಾಲ್ ಮಾತ್ರೆಯಿಂದ ಕಾಲುನೋವು ಬರುತ್ತದೆ, ಲಿವರ್ ಹಾಳಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನೋಡಿ ನಿಲ್ಲಿಸಿದ್ದಾರೆ. ಆರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಬಂದಿದೆಯಂತೆ, ಅದನ್ನೇ ಕೊಡಿಸಬಹುದೇ?
ಓದುಗರೊಬ್ಬರು, ದಾವಣಗೆರೆ

ಇಂದೇ ಅವರನ್ನು ಅವರ ವೈದ್ಯರ ಬಳಿ ಕರೆದೊಯ್ದು ಮಾತ್ರೆಯನ್ನು ಮತ್ತೆ ಶುರು ಮಾಡಿಸಿ. ಸ್ಟೆಂಟ್ ಒಂದು ಜಾಗದ ಅಡಚಣೆಯನ್ನು ಸರಿಪಡಿಸುತ್ತದೆ, ಉಳಿದ ನಾಳಗಳುದ್ದಕ್ಕೂ ಕೂತ ಕೊಬ್ಬಿಗೆ ಉತ್ತರ ಸ್ಟ್ಯಾಟಿನ್ ಎಂಬ ಈ ಕೊಲೆಸ್ಟ್ರಾಲ್ ಮಾತ್ರೆ. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳು ಐದರಲ್ಲೊಂದು ಭಾಗದಷ್ಟು ತಗ್ಗುತ್ತವೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಲೆಕ್ಕ. ನಿಮ್ಮ ತಂದೆಯವರಂಥ ಅತಿ ಹೆಚ್ಚು ಅಪಾಯದವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕೆಂದು ಮೇಲೆ ಹೇಳಿದ 2024ರ ಮಾರ್ಗಸೂಚಿ ಹೇಳುತ್ತದೆ. ಲ್ಯಾಬ್ ಚೀಟಿಯಲ್ಲಿ 100ರವರೆಗೆ ನಾರ್ಮಲ್ ಎಂದು ಅಚ್ಚಾಗಿರುವುದು ಅವರಿಗೆ ಅನ್ವಯಿಸುವುದಿಲ್ಲ.

ಕಾಲುನೋವಿನ ಬಗ್ಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಾಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಅರ್ಥಪೂರ್ಣವಾದುದು. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಬಾಟಲಿ ಕೊಟ್ಟರು: ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ಅದೇ ರೂಪದ ಬರಿಯ ಮಾತ್ರೆ, ನಾಲ್ಕು ಖಾಲಿ. ಯಾವುದರಲ್ಲಿ ಔಷಧವಿದೆ ಎಂಬುದು ನುಂಗುವವರಿಗೆ ಗೊತ್ತಿರಲಿಲ್ಲ. ನಿಜವಾದ ಮಾತ್ರೆಯ ತಿಂಗಳುಗಳಲ್ಲಿ ಕಂಡ ತೊಂದರೆಯ ಶೇ 90ರಷ್ಟು ಔಷಧವಿಲ್ಲದ ಮಾತ್ರೆಯ ತಿಂಗಳುಗಳಲ್ಲೂ ಕಂಡಿತು. ನೋವು ಸುಳ್ಳೆಂದು ಇದರರ್ಥವಲ್ಲ, ಅವರಿಗೆ ನೋವು ಆಗುತ್ತಲೇ ಇತ್ತು. ಅದರ ಬಹುಪಾಲು ಔಷಧದಿಂದ ಬಂದದ್ದಲ್ಲ, ಅಷ್ಟೆ. ಸ್ಟ್ಯಾಟಿನ್‌ನಿಂದಲೇ ಸ್ನಾಯುವಿಗೆ ತೊಂದರೆಯಾಗುವ ಕೆಲವರು ಖಂಡಿತ ಇದ್ದಾರೆ, ಸಕ್ಕರೆ ಸ್ವಲ್ಪ ಏರುವವರೂ ಇದ್ದಾರೆ. ಅಂಥವರಿಗೆ ಪ್ರಮಾಣ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸಬಹುದು. ಲಿವರ್ ಗಂಭೀರವಾಗಿ ಕೆಡುವುದು ಬಹಳ ಅಪರೂಪ.

ನೀವು ಕೇಳಿದ ಚುಚ್ಚುಮದ್ದು ಇನ್‌ಕ್ಲಿಸಿರಾನ್. ರಕ್ತದಲ್ಲಿನ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳಲು ಯಕೃತ್ತಿನ ಮೇಲೆ ಕೊಂಡಿಗಳಂಥ ಗ್ರಾಹಕಗಳಿರುತ್ತವೆ, ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಅವನ್ನು ಕೆಡವುತ್ತದೆ. ಈ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ ಇರುವ ಜನರಿಗೆ ಹೃದ್ರೋಗ ಅತ್ಯಂತ ವಿರಳ ಎಂಬುದು 2006ರಲ್ಲಿ ಗೊತ್ತಾದ ಮೇಲೆ ಅದನ್ನು ತಡೆಯುವ ಔಷಧಗಳು ಹುಟ್ಟಿದವು. ಇನ್‌ಕ್ಲಿಸಿರಾನ್ ಅದರ ತಯಾರಿಕೆಯನ್ನೇ ನಿಲ್ಲಿಸಿ ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಇದು ನಮ್ಮಲ್ಲೂ ಸಿಗುತ್ತದೆ, ಆದರೆ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. ಮಾತ್ರೆಗಳನ್ನು ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಂಡೂ ಎಲ್‌ಡಿಎಲ್ ಇಳಿಯದವರಿಗೆ, ಮಾತ್ರೆ ನಿಜಕ್ಕೂ ಒಗ್ಗದವರಿಗೆ ಅದು ವರದಾನ. ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆಯನ್ನು ವಾಟ್ಸ್ಆ್ಯಪ್ ನೋಡಿ ಬಿಟ್ಟವರಿಗೆ ಅದನ್ನು ಬರೆದುಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ಬೆಟ್ಟ ಹತ್ತಿದರೆ ಮಾತ್ರ ಸ್ವಲ್ಪ ಎದೆ ಬಿಗಿಯುತ್ತದೆ. ಆಂಜಿಯೋಗ್ರಾಂನಲ್ಲಿ ಒಂದು ನಾಳದಲ್ಲಿ 75 ಪರ್ಸೆಂಟ್ ಬ್ಲಾಕ್ ಇದೆ ಎಂದರು. ಸ್ಟೆಂಟ್ ಹಾಕಿಸಲೇಬೇಕೇ?
ಓದುಗರೊಬ್ಬರು, ತುಮಕೂರು

ಹಾಕಿಸಲೇಬೇಕೆಂದೇನಿಲ್ಲ. ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಪ್ರಯೋಗದಲ್ಲಿ, ಇಂಥ ಸ್ಥಿರವಾದ ಎದೆನೋವಿನವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವಾಗಲೀ ಹೃದಯಾಘಾತವಾಗಲೀ ಒಟ್ಟಾರೆ ಕಡಿಮೆಯಾಗಲಿಲ್ಲ. ಎದೆನೋವು ಇದ್ದವರಿಗೆ ಆ ನೋವು ಮಾತ್ರ ಚೆನ್ನಾಗಿ ತಗ್ಗಿತು. ಮಾತ್ರೆಗಳಿಂದಲೂ ನೋವು ಹತೋಟಿಗೆ ಬಾರದಿದ್ದರೆ ಸ್ಟೆಂಟ್ ಒಳ್ಳೆಯ ಆಯ್ಕೆ. ಎಡಗಡೆಯ ಮುಖ್ಯ ನಾಳದ ಬುಡದಲ್ಲೇ ಬ್ಲಾಕ್ ಇದ್ದರೆ, ಹೃದಯದ ಶಕ್ತಿ ಬಹಳ ಕುಂದಿದ್ದರೆ, ಕೂತಲ್ಲೇ ನೋವು ಬರತೊಡಗಿದರೆ ಈ ಮಾತು ಅನ್ವಯಿಸುವುದಿಲ್ಲ. ವೈದ್ಯರನ್ನು ನೇರವಾಗಿ ಕೇಳಿ: ಇದು ಆಯುಸ್ಸು ಹೆಚ್ಚಿಸಲೋ, ನೋವು ಕಳೆಯಲೋ? ಹಾಗೆ ಕೇಳುವುದು ನಿಮ್ಮ ಹಕ್ಕು.

ಪ್ರಶ್ನೆ: ತಾಯಿಯವರಿಗೆ ಹೃದಯದ ಪಂಪಿಂಗ್ 30 ಪರ್ಸೆಂಟ್ ಇದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ ಕಾಯಿಲೆಯ ಮಾತ್ರೆ ಬರೆದಿದ್ದಾರೆ. ತಪ್ಪಾಗಿರಬಹುದೇ?
ಓದುಗರೊಬ್ಬರು, ಶಿರಸಿ

ತಪ್ಪಾಗಿಲ್ಲ, ಅವರು ಸರಿಯಾದ ಚಿಕಿತ್ಸೆಯನ್ನೇ ಕೊಟ್ಟಿದ್ದಾರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಈ ಮಾತ್ರೆಗಳ ಮೂಲ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಕಂಡ ಒಂದು ಪದಾರ್ಥ. ಮೂತ್ರಪಿಂಡ ಸಕ್ಕರೆಯನ್ನು ಮರಳಿ ಹೀರಿಕೊಳ್ಳದಂತೆ ತಡೆಯುವುದರಿಂದ ಇವು ಮೊದಲು ಸಕ್ಕರೆ ಕಾಯಿಲೆಗೆ ಬಂದವು. ಹೃದಯ ಸೋತವರಿಗೂ ಇವುಗಳಿಂದ ಲಾಭವಿದೆ, ಅದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ಅಷ್ಟೇ ಲಾಭವಿದೆ ಎಂಬುದು 2019ರಲ್ಲಿ ಖಚಿತವಾಯಿತು. ಸಕ್ಯುಬಿಟ್ರಿಲ್-ವಾಲ್ಸಾರ್ಟಾನ್, ಬೀಟಾ ಬ್ಲಾಕರ್, ಸ್ಪಿರೊನೊಲ್ಯಾಕ್ಟೋನ್ ಮತ್ತು ಇದು, ಈ ನಾಲ್ಕು ಬಗೆಯ ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ ಬೇಗಬೇಗ ಶುರು ಮಾಡಿ ನಿಧಾನಕ್ಕೆ ಏರಿಸುವುದು ಈಗಿನ ಕ್ರಮ. ದಮ್ಮು ಕಟ್ಟಿ ಎರಡು ದಿಂಬು ಇಟ್ಟುಕೊಂಡು ಮಲಗುತ್ತಿದ್ದವರು ಕೆಲವು ತಿಂಗಳಲ್ಲಿ ಅಂಗಳ ಗುಡಿಸುವಷ್ಟಾದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ, ಒಂದಕ್ಕೆ 60 ರೂಪಾಯಿಯ ಆಸುಪಾಸಿದ್ದ ಎಂಪಾಗ್ಲಿಫ್ಲೋಜಿನ್ ಮಾತ್ರೆ ಹಲವು ಕಂಪನಿಗಳಿಂದ ಅದರ ಕೆಲವೇ ಅಂಶದ ಬೆಲೆಗೆ ಸಿಗತೊಡಗಿದೆ. ವಾಂತಿ-ಭೇದಿಯಾದಾಗ, ಉಪವಾಸವಿರುವಾಗ ಮುಂದುವರಿಸುವ ಬಗ್ಗೆ ವೈದ್ಯರನ್ನು ಕೇಳಿ. ಗುಪ್ತಾಂಗದಲ್ಲಿ ತುರಿಕೆ ಬಂದರೆ ಸಂಕೋಚಪಡದೆ ಹೇಳಲು ತಾಯಿಯವರಿಗೆ ತಿಳಿಸಿ.

ಪ್ರಶ್ನೆ: ನನಗೆ 63. ಯಾವ ಹೃದ್ರೋಗವೂ ಇಲ್ಲ. ಮುಂಜಾಗ್ರತೆಗಾಗಿ ದಿನವೂ ಆಸ್ಪಿರಿನ್ ನುಂಗಲೇ?
ಓದುಗರೊಬ್ಬರು, ಧಾರವಾಡ

ನುಂಗಬೇಡಿ. 2018ರಲ್ಲಿ ಬಂದ ಮೂರು ದೊಡ್ಡ ಪ್ರಯೋಗಗಳ ನಂತರ ಆ ಹಳೆಯ ಸಲಹೆ ಬದಲಾಗಿದೆ. ಕಾಯಿಲೆ ಇಲ್ಲದ ನಿಮ್ಮ ವಯಸ್ಸಿನವರಲ್ಲಿ ರಕ್ತಸ್ರಾವದ ಅಪಾಯ ಲಾಭವನ್ನು ನುಂಗಿಹಾಕುತ್ತದೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಮ್ಮ ಆಸ್ಪಿರಿನ್ ನಿಲ್ಲಿಸಬಾರದು.

ಪ್ರಶ್ನೆ: ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಸಿಗುತ್ತಿದೆ. ಅದು ಒಳ್ಳೆಯದೇ, ಸೈಂಧವ ಲವಣ ಒಳ್ಳೆಯದೇ?
ಓದುಗರೊಬ್ಬರು, ಉಡುಪಿ

ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಕಡಿಮೆ ಸೋಡಿಯಂ ಉಪ್ಪಿನ ವಿಷಯ ಬೇರೆ. ಚೀನಾದ 600 ಹಳ್ಳಿಗಳಲ್ಲಿ, ಪಾರ್ಶ್ವವಾಯುವಾಗಿದ್ದ ಅಥವಾ 60 ದಾಟಿ ಬಿಪಿ ಇದ್ದ ಸುಮಾರು 21 ಸಾವಿರ ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅರ್ಧ ಹಳ್ಳಿಗಳಲ್ಲಿ ಮನೆಯ ಉಪ್ಪಿನ ಬದಲು ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆತ ಉಪ್ಪು ಕೊಟ್ಟರು. ಅಲ್ಲಿ ಪಾರ್ಶ್ವವಾಯು ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾಯಿತು. ಅಡುಗೆಯವರು ಉಪ್ಪಿನ ಡಬ್ಬಿ ಬದಲಿಸಿದ್ದಷ್ಟೇ, ಬೇರೇನೂ ಮಾಡಲಿಲ್ಲ. ಹೃದಯದ ಬಗ್ಗೆ ಇತ್ತೀಚೆಗೆ ನಾನು ಓದಿದ ಸಂಶೋಧನೆಗಳಲ್ಲಿ ಇಷ್ಟು ಅಗ್ಗವಾದದ್ದು, ಇಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ.

ಹಾಗೆಂದು ಕೈಬಿಟ್ಟು ಸುರಿಯುವಂತಿಲ್ಲ, ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳಗಿರಬೇಕು. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಸ್ಪಿರೊನೊಲ್ಯಾಕ್ಟೋನ್ ಅಥವಾ ಹೆಸರಿನ ಕೊನೆಗೆ 'ಪ್ರಿಲ್', 'ಸಾರ್ಟಾನ್' ಎಂದಿರುವ ಮಾತ್ರೆ ತೆಗೆದುಕೊಳ್ಳುವವರಿಗೆ ಪೊಟ್ಯಾಶಿಯಂ ಏರಿ ಎದೆಬಡಿತ ತಪ್ಪುವ ಅಪಾಯವಿದೆ. ಮನೆಯಲ್ಲಿ ಅಂಥವರು ಒಬ್ಬರಿದ್ದರೂ ಮೊದಲು ಅವರ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಪರೀಕ್ಷೆ) ಮತ್ತು ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ, ವೈದ್ಯರು ಒಪ್ಪಿದ ಮೇಲೆ ಡಬ್ಬಿ ಬದಲಿಸಿ.